ಮೇಡಂಗೊಂದು ಬ್ಯಾಟು

ನನಗೆ ಬೇಕಾಗಿದ್ದದ್ದು ಒಂದು ಟೇಬಲ್ ಟೆನಿಸ್ ಬ್ಯಾಟು. ಒಡವೆಯಲ್ಲ, ಸೈಟಲ್ಲ, ಬರೀ ಒಂದು ಬ್ಯಾಟು. ಅದಕ್ಕಾಗಿ ಅರಸೀಕೆರೆಯ ನಮ್ಮ ಸಂಜೆ ಕ್ಲಬ್ಬಿನ ಗಂಡಸರೆಲ್ಲ ಸೇರಿ ಪಂಚಾಯಿತಿ ನಡೆಸಿದರು. ಮನೆಯಲ್ಲಿ ಅತ್ತೆ ಮಾವ ತೀರ್ಪು ಕೊಟ್ಟರು. ಇಷ್ಟು ಜನರ ನಡುವೆ, ಆ ಬ್ಯಾಟು ಹಿಡಿದು ಆಡಬೇಕಾದವಳನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ನಾನು ಲತಾಮಣಿ. ಅರಸೀಕೆರೆಯ ಉಪಖಜಾನೆಯಲ್ಲಿ ಗುಮಾಸ್ತೆ. ಹುಟ್ಟಿದ್ದು ಹಳೇಬೀಡಿನ ಪಕ್ಕದ ಮಾದಿಹಳ್ಳಿ, ಸೊಸೆಯಾಗಿ ಬಂದದ್ದು ಗಂಡಸಿ ಊರಿನವರ ಮನೆಗೆ. ನಮ್ಮವರು ಲಕ್ಷ್ಮೀಶ, ಕೆ.ಇ.ಬಿ.ಯಲ್ಲಿದ್ದಾರೆ. ನನಗೆ ಸಿಟ್ಟು ಜಾಸ್ತಿ ಎಂದು ಮನೆಯಲ್ಲೂ ಆಫೀಸಿನಲ್ಲೂ ಹೆಸರಾಗಿದೆ. ಇಲ್ಲವೆಂದು ನಾನೂ ಹೇಳುವುದಿಲ್ಲ. ಆದರೆ ಎರಡು ಸಾವಿರದ ಎರಡನೇ ಇಸವಿಯ ಈ ಬ್ಯಾಟಿನ ಪ್ರಕರಣವನ್ನು ಪೂರ್ತಿ ಕೇಳಿ, ಆಮೇಲೆ ಹೇಳಿ, ಸಿಟ್ಟು ಬರಬೇಕಾದದ್ದೋ ಅಲ್ಲವೋ ಅಂತ.

ನಾನು ಆಟ ಕಲಿತದ್ದು ಹಾಸನದ ಹಾಸ್ಟೆಲ್ಲಿನಲ್ಲಿ, ಪಿಯುಸಿ ಓದುವಾಗ. ಅಲ್ಲಿ ಟೇಬಲ್ ಇಟ್ಟಿದ್ದ ಕೋಣೆ ಬಹಳ ಕಿರಿದು. ಬೀಸಿ ಹೊಡೆಯೋಣವೆಂದು ಕೈ ಹಿಂದಕ್ಕೆ ಎಳೆದರೆ ಮೊಣಕೈಗೆ ಗೋಡೆಯ ಸುಣ್ಣ ಬಳಿದುಕೊಳ್ಳುತ್ತಿತ್ತು. ಹಾಗಾಗಿ ನಾನು ಹೊಡೆಯುವುದನ್ನು ಕಲಿಯಲೇ ಇಲ್ಲ. ಟೇಬಲ್ಲಿಗೆ ಒತ್ತಿಕೊಂಡು ನಿಲ್ಲುವುದು, ಚೆಂಡು ಪುಟಿದ ಕೂಡಲೇ ಬ್ಯಾಟು ಅಡ್ಡ ಹಿಡಿಯುವುದು, ಅದು ಬಂದ ದಾರಿಯಲ್ಲೇ ಹೋಗುವುದು. ಇಷ್ಟೇ ನನ್ನ ಆಟ. ಎದುರಿನವರು ಎಷ್ಟು ಜೋರಾಗಿ ಹೊಡೆದರೂ ಅಡ್ಡ ಹಿಡಿಯುತ್ತೇನೆ. ಹೊಡೆದು ಹೊಡೆದು ಅವರಿಗೆ ರೇಗಿ, ಕೊನೆಗೊಮ್ಮೆ ಚೆಂಡನ್ನು ಟೇಬಲ್ಲಿನಾಚೆ ಹಾಕುತ್ತಾರೆ. ನೋಡುವವರಿಗೆ ಇದರಲ್ಲಿ ಯಾವ ಚೆಂದವೂ ಇಲ್ಲ. ನಮ್ಮ ಕ್ಲಬ್ಬಿನಲ್ಲಿ ನಾನು ಟೇಬಲ್ಲಿನ ಮುಂದೆ ನಿಂತರೆ ಗಂಡಸರು ಟೀ ಕುಡಿಯಲು ಹೊರಗೆ ಹೋಗುತ್ತಾರೆ.

ಪ್ರತಿ ವರ್ಷ ಅರಸೀಕೆರೆ ಮತ್ತು ಬೇಲೂರು ನೌಕರರ ನಡುವೆ ಒಂದು ದಿನದ ಪಂದ್ಯಾಟ ನಡೆಯುತ್ತದೆ. ಅದರಲ್ಲಿ ಗೆದ್ದವರಿಗೆ ಹಾಸನದ ಜಿಲ್ಲಾ ಪಂದ್ಯಕ್ಕೆ ಹೋಗುವ ಅವಕಾಶ. ಹೆಂಗಸರ ಟೇಬಲ್ ಟೆನಿಸ್‌ನಲ್ಲಿ ಬೇಲೂರಿನ ಕಡೆಯಿಂದ ಆಡುವವರು ವಿಶಾಲಮ್ಮ. ಹೈಸ್ಕೂಲಿನ ಪಿ.ಟಿ. ಟೀಚರು, ಉದ್ದ ಕೈ, ಹೊಡೆದರೆ ಚೆಂಡು ಕಾಣಿಸುವುದಿಲ್ಲ. ಅವರೆದುರು ನಾನು ಮೂರು ವರ್ಷ ಸತತವಾಗಿ ಸೋತಿದ್ದೆ. ಹಿಂದಿನ ವರ್ಷವಂತೂ ಗೆಲ್ಲುವ ಹತ್ತಿರ ಬಂದಿದ್ದಾಗ ಕ್ಲಬ್ಬಿನ ಬ್ಯಾಟಿನ ರಬ್ಬರು ಅರ್ಧ ಕಿತ್ತುಕೊಂಡು ಬಂತು. ಅದನ್ನು ಯಾರೋ ಪುಣ್ಯಾತ್ಮರು ಸೈಕಲ್ ಪಂಕ್ಚರ್ ಸಲ್ಯೂಷನ್ ಹಾಕಿ ಅಂಟಿಸಿದ್ದರು. ಬೇರೆಯವರ ಬ್ಯಾಟು ಕೇಳಿ ಪಡೆದು ಆಡಿ ಸೋತೆ. ಬಸ್ಸಿನಲ್ಲಿ ವಾಪಸ್ ಬರುವಾಗಲೇ ತೀರ್ಮಾನ ಮಾಡಿದೆ. ಬರುವ ವರ್ಷ ನನ್ನದೇ ಬ್ಯಾಟು, ನನ್ನ ಆಟಕ್ಕೆ ಹೊಂದುವಂಥದ್ದು. ಅದರಲ್ಲಿ ವಿಶಾಲಮ್ಮನವರನ್ನು ಒಂದೇ ಒಂದು ಸಲ ಸೋಲಿಸಿ ಹಾಸನಕ್ಕೆ ಹೋಗಬೇಕು.

ಒಳ್ಳೆಯ ಬ್ಯಾಟು ಅಂಗಡಿಯಲ್ಲಿ ಇಡಿಯಾಗಿ ಸಿಗುವುದಿಲ್ಲ ಎನ್ನುವುದನ್ನು ಮನೆಯಲ್ಲಿ ಅರ್ಥ ಮಾಡಿಸುವುದಕ್ಕೇ ನನಗೆ ಒಂದು ಸಂಜೆ ಹಿಡಿಯಿತು. ಮರ ಬೇರೆ, ಅದಕ್ಕೆ ಬ್ಲೇಡು ಎನ್ನುತ್ತಾರೆ. ಅದರ ಎರಡು ಮುಖಕ್ಕೆ ಅಂಟಿಸುವ ರಬ್ಬರುಗಳು ಬೇರೆ, ಒಂದು ಕೆಂಪು, ಇನ್ನೊಂದು ಕಪ್ಪು. ರಬ್ಬರಿನ ಅಡಿಯಲ್ಲಿ ಸ್ಪಾಂಜು. ಸ್ಪಾಂಜು ದಪ್ಪವಾದಷ್ಟೂ ಚೆಂಡು ಚಿಮ್ಮುತ್ತದೆ, ತೆಳುವಾದಷ್ಟೂ ಕೈಯಲ್ಲಿ ನಿಲ್ಲುತ್ತದೆ. ಮರದಲ್ಲೂ ಜೋರಿನದು, ನಿಧಾನದ್ದು ಎಂದು ಉಂಟು.

"ಕೊಡ್ಲಿ ಬ್ಯಾರೆ, ಕಾವು ಬ್ಯಾರೆ ತರೋ ಹಂಗೆ ಅನ್ನು," ಎಂದರು ಮಾವ ಹೊನ್ನಯ್ಯನವರು.

"ಹಾಗೇ ಮಾವ," ಎಂದೆ. ಮನೆಯಲ್ಲಿ ಒಬ್ಬರಿಗಾದರೂ ತಿಳಿಯಿತಲ್ಲ ಎಂದು ಸಮಾಧಾನವಾಯಿತು.

"ಅದ್ಯಾಕೆ ಅಷ್ಟು ದೂರ? ನಮ್ಮ ಆಚಾರಿಗೆ ಹೇಳಿದ್ರೆ ಹಲಸಿನ ಹಲಗೇಲಿ ಮಾಡ್ಕೊಡ್ತಾನೆ. ನೂರು ವರ್ಸ ಬತ್ತದೆ," ಎಂದು ಮುಗಿಸಿದರು. ಸಮಾಧಾನ ಅಲ್ಲಿಗೇ ಹೋಯಿತು.

ಅತ್ತೆ ಮಾರಮ್ಮನವರಿಗೆ ಬೇರೆಯೇ ಚಿಂತೆ. "ಕಪ್ಪು ಯಾಕವ್ವ, ಹೊಸ ಸಾಮಾನಿಗೆ? ಎರಡೂ ಕಡೆ ಕೆಂಪೇ ಇರ್ಲಿ. ಲಕ್ಷಣವಾಗಿರ್ತೈತೆ." ಹಾಗೆ ಮಾಡಿದರೆ ಪಂದ್ಯದಲ್ಲಿ ಆಡಲು ಬಿಡುವುದಿಲ್ಲ, ಅದು ಕಾನೂನು ಎಂದೆ. "ಎಂಥಾ ಕಾನೂನೋ," ಎಂದು ಅವರು ಅಕ್ಕಿ ಆರಿಸಲು ಕುಳಿತರು.

ಮನೆಯವರಾದರೂ ವಾಸಿ, ಅವರಿಗೆ ಆಟ ಗೊತ್ತಿಲ್ಲ. ಕ್ಲಬ್ಬಿನಲ್ಲಿ ಇರುವವರೆಲ್ಲ ಬಲ್ಲವರು. ಒಂದು ಸಂಜೆ ನಮ್ಮವರು ನನ್ನನ್ನು ಕರೆದೊಯ್ಯಲು ಸ್ಕೂಟರಿನಲ್ಲಿ ಬಂದಿದ್ದಾಗ, ಕ್ಲಬ್ಬಿನ ಕಾರ್ಯದರ್ಶಿ ಗುರುಮೂರ್ತಿಯವರು ಅವರ ಹೆಗಲಿಗೆ ಕೈ ಹಾಕಿದರು.

"ಲಕ್ಷ್ಮೀಶಣ್ಣ, ಮೇಡಂಗೆ ಬ್ಯಾಟು ತರೋದಾದ್ರೆ ಒಳ್ಳೆ ಫಾಸ್ಟ್ ಆಗಿರೋದು ತನ್ನಿ. ಈಗ ಚೆಂಡೂ ದೊಡ್ದು ಮಾಡವ್ರೆ, ಇಪ್ಪತ್ತೊಂದು ಪಾಯಿಂಟಿನ ಗೇಮು ಬರೀ ಹನ್ನೊಂದಕ್ಕೆ ಇಳಿಸವ್ರೆ. ಸ್ಪೀಡ್ ಇಲ್ದಿದ್ರೆ ಕಣ್ಣು ಬಿಡೋದ್ರೊಳಗೆ ಸೋತಿರ್ತೀವಿ."

"ಸ್ಪೀಡಲ್ಲ ಕಣ್ರೀ, ಸ್ಪಿನ್ನು," ಎಂದರು ಗಂಗಾಧರಪ್ಪನವರು. ರಿಟೈರಾದ ಹಿಂದಿ ಮೇಷ್ಟ್ರು, ಆಡುವುದಕ್ಕಿಂತ ಆಡಿಸುವುದು ಹೆಚ್ಚು. "ರಬ್ಬರು ಅಂಟಂಟಾಗಿರ್ಬೇಕು. ಚೆಂಡಿನ ಮೇಲಿಟ್ಟು ಎತ್ತಿದ್ರೆ ಚೆಂಡು ಜೊತೇಲೇ ಎದ್ದು ಬರ್ಬೇಕು. ಅದು ರಬ್ಬರು."

ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರೂ ಮಾತಾಡುತ್ತಿದ್ದದ್ದು ನಮ್ಮವರ ಜೊತೆ. ನಮ್ಮವರು ಟೇಬಲ್ ಟೆನಿಸ್ ಆಡುವವರೇ ಅಲ್ಲ. ಕ್ಲಬ್ಬಿನ ಹಿಂದಿನ ಅಂಗಳದಲ್ಲಿ ಷಟಲ್ ಆಡುತ್ತಾರೆ, ಅದೂ ಬೆಳಿಗ್ಗೆ. ಆದರೂ ದೊಡ್ಡ ವಿದ್ವಾಂಸರಂತೆ ತಲೆಯಾಡಿಸುತ್ತಿದ್ದರು. ಬ್ಯಾಟು ಬೇಕಾದವಳು ಪಕ್ಕದಲ್ಲೇ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದೆ.

"ನನಗೆ ನಿಧಾನದ ಮರ ಬೇಕು," ಎಂದೆ. "ತೆಳು ಸ್ಪಾಂಜು."

ಗುರುಮೂರ್ತಿಯವರು ನಕ್ಕರು. "ನಿಧಾನದ್ದು ಮಕ್ಕಳು ಕಲಿಯೋಕೆ ಮೇಡಂ. ನಿಮ್ಮಂಥೋರಿಗಲ್ಲ." ಮತ್ತೆ ನಮ್ಮವರ ಕಡೆ ತಿರುಗಿದರು.

ನಮ್ಮವರಿಗೆ ಆ ತಿಂಗಳು ಬೆಂಗಳೂರಿನಲ್ಲಿ ಇಲಾಖೆಯ ತರಬೇತಿ ಇತ್ತು. ತಾವೇ ತರುತ್ತೇನೆಂದರು. ನಾನೂ ಬರುತ್ತೇನೆ ಎಂದರೆ ಖಜಾನೆಯಲ್ಲಿ ಸಂಬಳದ ಬಿಲ್ಲಿನ ಸಮಯ, ರಜೆ ಸಿಗುವ ಮಾತೇ ಇಲ್ಲ. ಹೊರಡುವ ಹಿಂದಿನ ದಿನ ಹೇಳಿದೆ, ಊಟಕ್ಕೆ ಬಡಿಸುವಾಗ ಹೇಳಿದೆ, ಸ್ಟೇಷನ್ನಿಗೆ ಹೊರಟು ಚಪ್ಪಲಿ ಮೆಟ್ಟುವಾಗಲೂ ಹೇಳಿದೆ.

"ನಿಧಾನದ ಮರ. ತೆಳು ಸ್ಪಾಂಜು. ಮರೀಬೇಡಿ."

"ನಾನೇನು ಒಂದನೇ ಕ್ಲಾಸ್ ಹುಡುಗನಾ?" ಎಂದರು.

ಒಂದನೇ ಕ್ಲಾಸಿನ ಹುಡುಗನಾಗಿದ್ದರೆ ಹೇಳಿದ್ದನ್ನು ತಿರುಗಿ ಹೇಳಿಸುತ್ತಿದ್ದೆ. ಗಂಡನಿಗೆ ಹೇಳುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅವರು ವಾಪಸ್ ಬಂದ ಸಂಜೆ ಮನೆಯವರೆಲ್ಲ ನಡುಮನೆಯಲ್ಲಿ ಸೇರಿದರು. ಚೀಲದಿಂದ ಒಂದು ಕಪ್ಪು ಕವರು ತೆಗೆದು, ಅದರ ಜಿಪ್ಪೆಳೆದು, ಬ್ಯಾಟನ್ನು ನನ್ನ ಕೈಯಲ್ಲಿಟ್ಟರು. ಮರ ಮುದ್ದಾಗಿತ್ತು, ಹಿಡಿ ನಯವಾಗಿತ್ತು. ಹೆಬ್ಬೆರಳಿನಿಂದ ರಬ್ಬರು ಒತ್ತಿ ನೋಡಿದೆ. ಸ್ಪಾಂಜು ನೆನೆದ ಇಡ್ಲಿಯಷ್ಟು ದಪ್ಪವಿತ್ತು. ಒಂದು ಚೆಂಡು ತೆಗೆದು ಮೇಲೆ ಬಿಟ್ಟೆ. ಅದು ಎಗರಿ ಕ್ಯಾಲೆಂಡರಿಗೆ ಬಡಿದು ಮಾವನವರ ತಟ್ಟೆಗೆ ಬಿತ್ತು.

"ನೋಡಿದ್ಯಾ ಜೋರು?" ಎಂದರು ನಮ್ಮವರು. "ಅಂಗಡೀಲಿದ್ದ ಎಲ್ಲಾ ಬ್ಯಾಟಿಗಿಂತ ಫಾಸ್ಟು. ಅಲ್ಲೇ ಅಂಟಿಸಿಕೊಟ್ಟ."

"ನಾನು ಹೇಳಿದ್ದೇನು?"

"ಹೇಳ್ತೀನಿ ಕೇಳು. ಆ ಅಂಗಡಿಯೋನು ವಿಚಿತ್ರದ ಮನುಷ್ಯ. ಬ್ಯಾಟು ಕೊಡಪ್ಪ ಅಂದ್ರೆ, ಯಾರಿಗೆ ಅಂದ. ಮನೆಯೋರಿಗೆ ಅಂದೆ. ಅವರು ಹೆಂಗೆ, ಎದುರಿನವರು ಹೊಡೆದ್ರೆ ಹೊಡೀತಾರಾ, ತಡ್ಕೋತಾರಾ, ತಾಳ್ಮೆ ಉಂಟಾ ಅಂತ ಕೇಳ್ತಾನೆ. ನಂಗೆ ಮೈಯೆಲ್ಲಾ ಉರೀತು. ನನ್ನ ಹೆಂಡ್ತಿ ತಾಳ್ಮೆ ಕಟ್ಕೊಂಡು ನಿಂಗೇನಯ್ಯ ಅನ್ನೋಣ ಅಂತ ಬಾಯಿಗೆ ಬಂದಿತ್ತು. ಆಮೇಲೆ ಆಟದ ವಿಚಾರ ಕೇಳ್ತಾವ್ನೆ ಅಂತ ಗೊತ್ತಾಯ್ತು."

"ಏನು ಹೇಳಿದ್ರಿ?"

"ಇನ್ನೇನು ಹೇಳ್ಲಿ. ತಡ್ಕೊಳ್ಳೋ ಪೈಕಿ ಅಲ್ಲ ಸಾರ್ ಅಂದೆ. ನಾವು ಒಂದು ಅಂದ್ರೆ ಎರಡು ವಾಪಸ್ ಬತ್ತವೆ ಅಂದೆ. ಹಂಗಾದ್ರೆ ಇದೇ ಸರಿ ಅಂತ ಇದ್ನ ತೆಗೆದುಕೊಟ್ಟ."

ಅತ್ತೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು. ಮಾವನವರೂ ನಕ್ಕರು. ಯಾರ ನಗುವಿನಲ್ಲೂ ಕೆಡುಕು ಇರಲಿಲ್ಲ, ಅದು ನನಗೆ ಗೊತ್ತು. ಆದರೂ ನನಗೆ ಅವಮಾನವಾಯಿತು. ಮೂರು ಸಲ ಹೇಳಿ ಕಳಿಸಿದ ನನ್ನ ಮಾತು ಬೆಂಗಳೂರಿನವರೆಗೆ ಹೋಗದೆ, ನನ್ನ ಸಿಟ್ಟು ಮಾತ್ರ ಹೋಗಿತ್ತು. ಬ್ಯಾಟನ್ನು ಕವರಿಗೆ ಹಾಕಿ ಜಿಪ್ಪೆಳೆದು ಅಡುಗೆಮನೆಗೆ ಹೋದೆ.

"ಗಂಡ ಆಸೆಯಿಂದ ತಂದದ್ದನ್ನ ಬ್ಯಾಡ ಅನ್ನಬಾರ್ದು ಕಣವ್ವ," ಎಂದು ಅತ್ತೆ ಹಿಂದೆಯೇ ಬಂದರು.

"ಸೀರೆಯಾಗಿದ್ರೆ ಉಟ್ಕೋತಿದ್ದೆ ಅತ್ತೆ," ಎಂದೆ. "ಇದರಲ್ಲಿ ಆಡಬೇಕು."

ಆಡಿದೆ. ಆಡಲು ನೋಡಿದೆ. ಕೋತಿಗೆ ಹೆಂಡ ಕುಡಿಸಿದ ಹಾಗಿತ್ತು ಆ ಬ್ಯಾಟಿನ ಕಥೆ. ನಾನು ಎಂದಿನಂತೆ ಸುಮ್ಮನೆ ಅಡ್ಡ ಹಿಡಿದರೆ ಚೆಂಡು ಎದುರಿನ ಟೇಬಲ್ಲನ್ನು ಹಾರಿ, ಕುರ್ಚಿಗಳನ್ನು ಹಾರಿ, ಕ್ಲಬ್ಬಿನ ಬಾಗಿಲಾಚೆ ನಿಂತ ಸ್ಕೂಟರುಗಳ ನಡುವೆ ಬೀಳುತ್ತಿತ್ತು. ಎಂದೂ ನನ್ನ ಆಟ ನೋಡದಿದ್ದ ಗಂಡಸರು ಈಗ ಟೀ ಬಿಟ್ಟು ನೋಡಲು ನಿಂತರು. ಎಲ್ಲರ ಬಾಯಲ್ಲೂ ಸಲಹೆ.

"ಮೇಡಂ, ಬ್ಯಾಟು ಬಗ್ಗಿಸಿ ಹಿಡೀರಿ."

"ಒಂದು ಹೆಜ್ಜೆ ಹಿಂದೆ ನಿಂತ್ಕೊಳ್ಳಿ ಮೇಡಂ."

"ಹೆದರಬೇಡಿ, ಹೊಡೀರಿ. ಅದು ಹೊಡೆಯೋ ಬ್ಯಾಟು."

ಹೊಡೆದೂ ನೋಡಿದೆ. ಈ ವಯಸ್ಸಿನಲ್ಲಿ, ಬೇಲೂರಿನ ಪಂದ್ಯ ಕಣ್ಣೆದುರಿಗಿರುವಾಗ, ಹೊಸದಾಗಿ ಹೊಡೆಯುವುದನ್ನು ಕಲಿ ಎಂದರೆ ಹೇಗೆ? ಭುಜ ನೋವು ಬಂತು, ಚೆಂಡುಗಳು ಒಡೆದವು. ಒಂದು ಸಂಜೆ ಗಂಗಾಧರಪ್ಪನವರಂಥ ಗಂಗಾಧರಪ್ಪನವರು ನನ್ನನ್ನು ಸೋಲಿಸಿ, "ಅಭ್ಯಾಸ ಆಗ್ತದೆ ತಾಯಿ," ಎಂದು ಸಮಾಧಾನ ಹೇಳಿದರು. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ. ಬೇಜಾರಿಗಲ್ಲ, ರೋಷಕ್ಕೆ.

"ಇದನ್ನ ಬದಲಾಯಿಸಬೇಕು," ಎಂದು ನಮ್ಮವರಿಗೆ ಹೇಳಿದೆ.

ಅವರ ಮುಖ ಸಣ್ಣದಾಯಿತು. "ಅಷ್ಟು ದೂರದಿಂದ, ಎಲ್ಲಾದ್ರಕ್ಕಿಂತ ಒಳ್ಳೇದು ಅಂತ ತಂದಿದ್ದು. ನಿಂಗೆ ನಾನು ತಂದಿದ್ದು ಯಾವುದು ಸರಿ ಬಂದೈತೆ ಹೇಳು. ನಾನು ಒಂದು ಮಾಡಿದ್ರೆ ನೀನು ಅದಕ್ಕೆ ಎದುರು ಆಡ್ತೀಯ."

ಆ ಮಾತಿಗೆ ನನಗೆ ನಿಜವಾಗಿ ರೇಗಿಹೋಯಿತು. "ಎದುರು ಆಡ್ತೀನಾ? ಸರಿ. ಭಾನುವಾರ ಬನ್ನಿ ಕ್ಲಬ್ಬಿಗೆ. ಆ ಬ್ಯಾಟು ನೀವು ಹಿಡ್ಕೊಳ್ಳಿ, ಎದುರಿಗೆ ನಿಂತ್ಕೊಳ್ಳಿ. ನಾನು ಹೇಗೆ ಆಡ್ತೀನಿ ಅಂತ ಒಂದು ಸಲ ನೋಡಿ."

ಹದಿನೇಳು ವರ್ಷದ ಸಂಸಾರದಲ್ಲಿ ಅವರು ನನ್ನ ಆಟ ನೋಡಿರಲಿಲ್ಲ. ಬಿಟ್ಟು ಹೋಗುತ್ತಿದ್ದರು, ಕರೆದುಕೊಂಡು ಹೋಗಲು ಬರುತ್ತಿದ್ದರು. ನಡುವೆ ಏನಾಗುತ್ತದೆ ಎಂದು ಕೇಳಿದವರಲ್ಲ. ನಾನೂ ಹೇಳಿದವಳಲ್ಲ.

ಭಾನುವಾರ ಬೆಳಿಗ್ಗೆ ಷಟಲ್ ಮುಗಿಸಿ, ಅದೇ ಬೂಟಿನಲ್ಲಿ ಬಂದರು. ಕ್ಲಬ್ಬಿನ ಹಾಲ್‌ನಲ್ಲಿ ನಾವಿಬ್ಬರೇ. ಹೊಸ ಬ್ಯಾಟು ಅವರ ಕೈಗೆ ಕೊಟ್ಟು, ಮತ್ತೆ ಸಲ್ಯೂಷನ್ ಹಾಕಿ ಅಂಟಿಸಿದ್ದ ಕ್ಲಬ್ಬಿನ ಆ ಹಳೆಯ ಬ್ಯಾಟನ್ನೇ ನಾನು ಹಿಡಿದೆ. ಷಟಲ್ ಆಡಿದ ಕೈ, ಹೊಡೆಯುವುದು ಬೇಗ ಕುದುರಿತು. ಮೊದಲು ಮೆತ್ತಗೆ ಹೊಡೆದರು. ವಾಪಸ್ ಬಂತು. ಸ್ವಲ್ಪ ಬಿಗಿಯಾಗಿ ಹೊಡೆದರು. ಅದೂ ಬಂತು. ಆಮೇಲೆ ಕಾಲು ಅಗಲಿಸಿ ನಿಂತು, ಕೈ ಪೂರ್ತಿ ಬೀಸಿ ಹೊಡೆದರು. ನಾನು ಅಡ್ಡ ಹಿಡಿದೆ, ಅಷ್ಟೇ. ಚೆಂಡು ಅವರ ಎದೆಗೆ ಬಂತು.

"ಇನ್ನೊಂದು ಸಲ," ಎಂದರು.

ಮತ್ತೆ ಹೊಡೆದರು, ಮತ್ತೆ ಬಂತು. ಅಂಗಿ ಬೆನ್ನಿಗೆ ಅಂಟಿತು. ಎಲ್ಲೆಲ್ಲಿಗೋ ಹೊಡೆದರು, ಕೆಲವು ಹೊರಗೆ ಹಾಕಿದರು, ಹಾಕಿದ್ದಕ್ಕೆ ತಾವೇ ಬೈದುಕೊಂಡರು. ಕೊನೆಗೆ ಎರಡು ಕೈಯನ್ನೂ ಟೇಬಲ್ಲಿಗೆ ಊರಿ ನಿಂತರು.

"ನೀನು ಹೊಡೆಯೋದೇ ಇಲ್ವಾ?"

"ಇಲ್ಲ."

"ಮತ್ತೆ ಅಷ್ಟು ಜೋರಾಗಿ ಬತ್ತೈತಲ್ಲ?"

"ಅದು ನನ್ನ ಜೋರಲ್ಲ. ನಾನು ಬ್ಯಾಟು ಅಡ್ಡ ಹಿಡೀತೀನಿ ಅಷ್ಟೇ. ನೀವು ಹೊಡೆದದ್ದೇ ನಿಮಗೆ ವಾಪಸ್ ಬರ್ತದೆ."

ಅವರು ಚೆಂಡನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. "ಮನೇಲಿ ಹಿಂಗಿಲ್ವಲ್ಲ ನೀನು," ಎಂದರು.

"ಮನೇಲೂ ಹೀಗೇ ಇದ್ದೀನಿ," ಎಂದೆ. "ನೀವು ಹೊಡೆದದ್ದು ನಿಮಗೆ ಕಾಣಲ್ಲ. ವಾಪಸ್ ಬಂದಿದ್ದು ಮಾತ್ರ ಕಾಣ್ತದೆ."

ಅವರು ಜಗಳಕ್ಕೆ ಬರುತ್ತಾರೆಂದು ಕಾದೆ. ಬರಲಿಲ್ಲ. ಬ್ಯಾಟನ್ನು ಕವರಿಗೆ ಹಾಕಿ, ಸ್ಕೂಟರು ತೆಗೆದು, ದಾರಿಯಲ್ಲಿ ಎಂದಿನಂತೆ ಹಾಲಿನ ಬೂತಿನ ಮುಂದೆ ನಿಲ್ಲಿಸಿ ಹಾಲು ಕೊಂಡರು. ಮನೆ ಬಾಗಿಲಲ್ಲಿ ಇಳಿಯುವಾಗ ಹೇಳಿದರು. "ಎರಡನೇ ಶನಿವಾರ ನಿಂಗೆ ರಜೆ ಅಲ್ವಾ. ಹೋಗಿ ಬೇರೆ ತಗೊಂಡು ಬಾ. ನಾನೂ ಬೇಕಾದ್ರೆ ಬತ್ತೀನಿ."

"ಬೇಡ," ಎಂದೆ. ಅವರು ಬಂದರೆ ಅಂಗಡಿಯವನು ಮತ್ತೆ ಅವರನ್ನೇ ಕೇಳುತ್ತಾನೆ.

ಒಬ್ಬಳೇ ಬೆಂಗಳೂರಿನ ಬೆಳಗಿನ ರೈಲು ಹತ್ತಿದೆ. ನಮ್ಮವರು ಹೋಗಿದ್ದ ಅದೇ ಅಂಗಡಿ, ಗಲ್ಲಿಯೊಳಗಿನ ಸಣ್ಣ ಮಳಿಗೆ. ಅಂಗಡಿಯಾತ ಕನ್ನಡಕ ಹಣೆಗೇರಿಸಿಕೊಂಡ ಮನುಷ್ಯ. ಬ್ಯಾಟು ಬೇಕು ಎಂದಾಗ ಯಾರಿಗೆ ಎಂದು ಕೇಳಿದ. ನನಗೆ ಎಂದೆ. ಒಂದು ಸ್ಟೂಲು ಎಳೆದು ಕೂರಿಸಿ, ತಾನೂ ಕುಳಿತ.

"ಟೇಬಲ್ಲಿನಿಂದ ಎಷ್ಟು ದೂರ ನಿಲ್ತೀರಮ್ಮ?"

"ಹತ್ತಿರ. ಹೊಟ್ಟೆ ತಾಗುವಷ್ಟು."

"ಯಾವ ಕಡೆ ಕೈ ಚೆನ್ನಾಗಿ ನಡೀತದೆ?"

"ಎಡಕ್ಕೆ ಬಂದದ್ದು ಬಿಡೋದಿಲ್ಲ. ಬಲಗಡೆ ಒಂದಿಷ್ಟು ಕಷ್ಟ."

"ಆಟ ಉದ್ದ ಆದ್ರೆ ತಾಳ್ಮೆ ಇರ್ತದಾ?"

"ಇರ್ತದೆ," ಎಂದೆ. ಅವನು ಏನೂ ಅವಸರಪಡಲಿಲ್ಲ. ನನ್ನ ವಿಷಯವಾಗಿ ಯಾರಾದರೂ ಹೀಗೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದು ಕುಳಿತದ್ದು ನನಗೆ ನೆನಪಿಲ್ಲ. ಹೆಣ್ಣು ನೋಡಲು ಬಂದಾಗಲೂ ಕೇಳಿದ್ದು ನಮ್ಮಪ್ಪನನ್ನು. ಒಂದು ಬ್ಯಾಟಿನ ಅಂಗಡಿಯಲ್ಲಿ ಕುಳಿತು ಕಣ್ಣಲ್ಲಿ ನೀರು ತಂದುಕೊಳ್ಳುವುದೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು, ಧೂಳು ಎಂದೆ.

ಅವನು ಬೇರೆ ಬೇರೆ ಮರಗಳನ್ನು ಕೈಗೆ ಕೊಟ್ಟು, ಚೆಂಡು ತಟ್ಟಿ ಸದ್ದು ಕೇಳಿಸಿದ. ಜೋರಿನ ಮರ ಟಣ್ ಎನ್ನುತ್ತಿತ್ತು, ನಿಧಾನದ್ದು ಮಂದವಾಗಿ ಟೊಕ್ ಎನ್ನುತ್ತಿತ್ತು. ನಾನು ಟೊಕ್ ಎನ್ನುವುದನ್ನು ಆರಿಸಿದೆ. ಎಡ ಮುಖಕ್ಕೆ ತೀರಾ ತೆಳುವಾದ ಸ್ಪಾಂಜಿನ ಕಪ್ಪು ರಬ್ಬರು, ಬಲಕ್ಕೆ ಒಂದು ಚೂರು ದಪ್ಪನೆಯ ಕೆಂಪು. ಅವನು ಗೋಂದು ಸವರಿ, ಒಣಗಲು ಬ್ಯಾಟನ್ನು ಫ್ಯಾನಿನ ಕೆಳಗಿಟ್ಟು, ಉರುಳುಗೋಲಿನಿಂದ ಚಪಾತಿ ಲಟ್ಟಿಸಿದ ಹಾಗೆ ಲಟ್ಟಿಸಿ ಅಂಟಿಸಿದ. ರೈಲಿನಲ್ಲಿ ಬರುವಾಗ ತಿಪಟೂರು ಬರುವಷ್ಟರಲ್ಲಿ ಅದನ್ನು ಕವರಿನಿಂದ ಎಷ್ಟು ಸಲ ತೆಗೆದು ನೋಡಿದೆನೋ. ಎದುರು ಕುಳಿತ ಹೆಂಗಸು ಮಗುವಿಗೆ ತಂದದ್ದೇ ಎಂದು ಕೇಳಿದಳು. ನನಗೇ ಎಂದು ಜಗಳಕ್ಕೆ ಹೋಗುವ ಧಾಟಿಯಲ್ಲಿ ಹೇಳಿದೆ ಅಂತ ಕಾಣುತ್ತದೆ, ಆಕೆ ಮತ್ತೆ ಮಾತಾಡಲಿಲ್ಲ.

ಪಂದ್ಯದ ದಿನ ಕ್ಲಬ್ಬಿನವರೆಲ್ಲ ಒಂದೇ ಬಸ್ಸಿನಲ್ಲಿ ಬೇಲೂರಿಗೆ ಹೋದೆವು. ನಮ್ಮವರೂ ರಜೆ ಹಾಕಿ ಬಂದರು. ಆಟದ ಹಾಲ್‌ನಲ್ಲಿ ಅಂಪೈರಿನ ಹಿಂದೆ ಒಂದು ಬೆಂಚಿನ ತುದಿಯಲ್ಲಿ ಕುಳಿತರು.

ವಿಶಾಲಮ್ಮನವರು ಎಂದಿನಂತೆ ಮೊದಲಿನಿಂದಲೇ ಹೊಡೆಯಲು ಹತ್ತಿದರು. ನಾನು ಅಡ್ಡ ಹಿಡಿಯುತ್ತಾ ಹೋದೆ. ಟೊಕ್, ಟೊಕ್. ಚೆಂಡು ನಾನು ಎಲ್ಲಿ ಅಂದುಕೊಂಡೆನೋ ಅಲ್ಲೇ ಹೋಗಿ ಬೀಳುತ್ತಿತ್ತು. ಮೊದಲೆರಡು ಗೇಮು ನನ್ನದಾಯಿತು. ಬೇಲೂರಿನ ಕಡೆಯವರು ಚಪ್ಪಾಳೆ ನಿಲ್ಲಿಸಿದರು.

ಆದರೆ ಆಕೆ ಪಿ.ಟಿ. ಟೀಚರು, ಸುಮ್ಮನೆ ಬಿಡುವವರಲ್ಲ. ಮೂರನೇ ಗೇಮಿನಲ್ಲಿ ಹೊಡೆಯುವುದನ್ನೇ ನಿಲ್ಲಿಸಿದರು. ಚೆಂಡನ್ನು ಮೆಲ್ಲಗೆ, ಬಟ್ಟಲಿಗೆ ಎಣ್ಣೆ ಬಿಟ್ಟಷ್ಟು ಮೆಲ್ಲಗೆ, ನೆಟ್ಟಿನಾಚೆ ಹಾಕತೊಡಗಿದರು. ನನಗೆ ಏನು ಮಾಡುವುದೋ ತಿಳಿಯಲಿಲ್ಲ. ಜೋರಾಗಿ ಬಂದರೆ ತಡೆಯುವುದು ಗೊತ್ತು. ಹೀಗೆ ಮೆತ್ತಗೆ ಬಂದರೆ ನಾನೇ ಏನಾದರೂ ಸೇರಿಸಿ ಕಳಿಸಬೇಕು. ಕೈ ತಡವರಿಸಿತು. ಕೆಲವು ನೆಟ್ಟಿಗೆ ಹೋದವು, ಕೆಲವು ಮೇಲಕ್ಕೆದ್ದವು. ಆ ಗೇಮು ಹೋಯಿತು, ಅದರ ಮುಂದಿನದೂ ಹೋಯಿತು. ನಮ್ಮ ಗುರುಮೂರ್ತಿಯವರು, "ಅದಕ್ಕೇ ನಾನು ಫಾಸ್ಟ್ ಬ್ಯಾಟು ಅಂದಿದ್ದು," ಎಂದು ಇಡೀ ಹಾಲ್‌ಗೆ ಕೇಳುವಂತೆ ಹೇಳಿದರು. ತಿರುಗಿ ಬ್ಯಾಟನ್ನು ಅವರ ಮೇಲೇ ಎಸೆಯಬೇಕು ಅನ್ನಿಸಿತು.

ಕೊನೆಯ ಗೇಮು ಹೇಗೋ ಏಗಿದೆ. ಮೆತ್ತಗೆ ಬಂದದ್ದನ್ನು ಮೆತ್ತಗೇ ವಾಪಸ್ ಹಾಕಿದೆ, ಅಂದವಿಲ್ಲ, ಚೆಂದವಿಲ್ಲ, ಚೆಂಡು ಟೇಬಲ್ಲಿನ ಮೇಲೆ ಬಿದ್ದರೆ ಸಾಕು ಎಂದು. ಇಬ್ಬರೂ ಬೆವರಿ ತೊಪ್ಪೆಯಾದೆವು. ಕೊನೆಗೆ ತಾಳ್ಮೆ ಕೆಟ್ಟದ್ದು ಅವರದು. ನನ್ನದು ಹತ್ತು, ಅವರದು ಒಂಬತ್ತು ಆಗಿದ್ದಾಗ ತಡೆಯಲಾರದೆ ಒಂದು ಹೊಡೆದೇ ಬಿಟ್ಟರು. ನಾನು ಅದಕ್ಕೇ ಕಾಯುತ್ತಿದ್ದೆ. ಅಡ್ಡ ಹಿಡಿದೆ. ಚೆಂಡು ಅವರ ಬಲಗಡೆ ಯಾರೂ ಇಲ್ಲದ ಜಾಗದಲ್ಲಿ ಬಿದ್ದು ಹೊರಟುಹೋಯಿತು. ನಾನು ಹಾಸನಕ್ಕೆ ಹೋಗುವುದು ಖಾತ್ರಿಯಾಯಿತು.

ವಿಶಾಲಮ್ಮನವರು ಬಂದು ಕೈ ಹಿಡಿದುಕೊಂಡರು. ನಮ್ಮ ಕ್ಲಬ್ಬಿನ ಗಂಡಸರು ಮಾತ್ರ ನೇರವಾಗಿ ಹೋದದ್ದು ನಮ್ಮವರ ಹತ್ತಿರಕ್ಕೆ.

"ಭೇಷ್ ಲಕ್ಷ್ಮೀಶಣ್ಣ," ಎಂದರು ಗುರುಮೂರ್ತಿಯವರು, ಅವರ ಕೈ ಕುಲುಕುತ್ತಾ. "ಎಂಥಾ ಬ್ಯಾಟು ತಂದುಕೊಟ್ರಿ ಮೇಡಂಗೆ. ಎಲ್ಲಿ ಸಿಕ್ತು, ಹೆಂಗೆ ಆರಿಸಿದ್ರಿ?"

ನಾನು ಟವೆಲು ಹಿಡಿದುಕೊಂಡು ಅಲ್ಲೇ ಇದ್ದೆ. ಇವರಿಗೆ ಯಾವ ಜನ್ಮಕ್ಕೂ ಬುದ್ಧಿ ಬರುವುದಿಲ್ಲ ಎಂದುಕೊಂಡೆ.

"ನಾನು ತಂದಿದ್ರೆ ಇವತ್ತು ಸೋಲೋದೇ," ಎಂದರು ನಮ್ಮವರು. "ನಂಗೆ ಅವಳ ಆಟ ಏನು ಅಂತಾನೇ ಗೊತ್ತಿರ್ಲಿಲ್ಲ. ಆರಿಸಿದ್ದು ಅವಳು. ಅವಳನ್ನೇ ಕೇಳಿ."

ಕ್ಲಬ್ಬಿನವರೆಲ್ಲ ನನ್ನ ಕಡೆ ತಿರುಗಿದರು. ಗುರುಮೂರ್ತಿಯವರು ಕೇಳಿಯೂ ಕೇಳಿದರು. ವಾಪಸ್ ಬರುವ ಬಸ್ಸಿನಲ್ಲಿ ನಾನು ಮರದಿಂದ ಹಿಡಿದು ಗೋಂದಿನವರೆಗೆ ವಿವರಿಸಲು ಶುರುಮಾಡಿದೆ. ಹಳೇಬೀಡು ಬರುವ ಹೊತ್ತಿಗೆ ಗುರುಮೂರ್ತಿಯವರು ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದರು. ಕೇಳಿದ್ದೇ ಸುಳ್ಳು.

ಪಕ್ಕದಲ್ಲಿದ್ದ ನಮ್ಮವರಿಗೆ ನಿದ್ದೆ ಬಂದಿರಲಿಲ್ಲ. ಬಸ್ಸು ಹಳೇಬೀಡು ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಮೆಲ್ಲಗೆ ಕೇಳಿದರು.

"ಒಂದು ಕೇಳ್ಲಾ? ಅವರು ಅಷ್ಟು ಜೋರಾಗಿ ಹೊಡೆದಾಗ ನಿಂಗೆ ಏನೂ ಆಗ್ಲಿಲ್ಲ. ಮೆತ್ತಗೆ ಹಾಕಿದಾಗ ಯಾಕೆ ಹಂಗೆ ತಡವರಿಸ್ದೆ?"

ಪೂರ್ತಿ ಪಂದ್ಯ ನೋಡಿದ್ದರು. ಅಷ್ಟು ಜನರಲ್ಲಿ ಅದನ್ನು ಗಮನಿಸಿದವರು ಅವರೊಬ್ಬರೇ.

"ನನಗೆ ಮೆತ್ತಗೆ ಬಂದು ಅಭ್ಯಾಸ ಇಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ತೊಡೆಯ ಮೇಲಿದ್ದ ಬ್ಯಾಟನ್ನು ಮೆತ್ತಗೆ ತಮ್ಮ ಕೈಗೆ ತೆಗೆದುಕೊಂಡು, ಜಾವಗಲ್ ದಾಟುವವರೆಗೂ ಹಿಡಿದುಕೊಂಡಿದ್ದರು.